ಹಿಂದಿನ ಗೇಟಿಗೆ ಬರುವವಳು

ಮೊಟ್ಟೆಯವಳು ಇವತ್ತೂ ಮಗುವಿನ ಕಡೆ ನೋಡಲಿಲ್ಲ. ಹೊಲಿಗೆ ಕೋಣೆಯ ಕಿಟಕಿಯಲ್ಲಿ ಸೂಜಿಗೆ ದಾರ ಪೋಣಿಸುವ ನೆಪ ಮಾಡಿ ನಿಂತಿದ್ದ ಟೀಚರಮ್ಮನಿಗೆ ಅದು ಸ್ಪಷ್ಟವಾಗಿ ಕಂಡಿತು. ಹಿಂದಿನ ಗೇಟಿನ ಒಳಗೆ, ಅಡಿಗೆಮನೆಯ ಮೆಟ್ಟಿಲ ಮೇಲೆ, ಆ ಹೆಂಗಸು ಬುಟ್ಟಿ ಇಳಿಸಿ, ಹುಲ್ಲು ಸರಿಸಿ, ಮೊಟ್ಟೆಗಳನ್ನು ಒಂದೊಂದಾಗಿ ಎತ್ತಿ ಅಡಿಗೆಯವಳ ಪಾತ್ರೆಯೊಳಗೆ ಇಡುತ್ತಿದ್ದಳು. ಅವಳಿಂದ ಕೈಯಳತೆಯ ದೂರದಲ್ಲಿ ಆ ಮಗು, ಗುಂಡಿ, ಕುಕ್ಕುರುಗಾಲಿನಲ್ಲಿ ಕೂತು ಕಡ್ಡಿಯಿಂದ ನೆಲ ಗೀಚುತ್ತಿದ್ದಳು. ಈ ಅನಾಥಾಲಯಕ್ಕೆ ಯಾರೇ ಬರಲಿ, ಹಾಲಿನವನಾಗಲಿ, ನಲ್ಲಿ ರಿಪೇರಿಯವನಾಗಲಿ, ಕೋಟು ತೊಟ್ಟ ಅಧಿಕಾರಿಯಾಗಲಿ, ಓಡಿಹೋಗಿ ಅವರ ಕಾಲು ತಬ್ಬಿಕೊಳ್ಳುವ ಹುಡುಗಿ ಅದು. ಕುರ್ಚಿಯಲ್ಲಿ ಯಾರ ಮಡಿಲು ಖಾಲಿ ಕಂಡರೂ ಹತ್ತಿ ಕೂರುತ್ತದೆ. ಮೊಟ್ಟೆಯವಳು ಬಂದಾಗ ಮಾತ್ರ ತಲೆ ಎತ್ತುವುದಿಲ್ಲ. ಅವಳೂ ಅಷ್ಟೇ. ಅಂಗಳದಲ್ಲಿ ಇನ್ನೂ ನಾಲ್ಕಾರು ಮಕ್ಕಳು ಇದ್ದರು. ಅವರೆಲ್ಲರನ್ನೂ ನೋಡಿದಳು, ಒಬ್ಬನ ತಲೆಗೆ ಮೊಟಕಿದಳು, ಇನ್ನೊಬ್ಬಳ ಜಡೆಯನ್ನು ಸುಮ್ಮನೆ ಎಳೆದು ನಕ್ಕಳು. ಅವಳ ಕಣ್ಣು ಅಂಗಳವನ್ನೆಲ್ಲ ಸುತ್ತಿ, ಗುಂಡಿ ಕೂತ ಜಾಗ ಬರುತ್ತಲೇ ಕೆಸರು ಕಂಡ ಕಾಲಿನಂತೆ ದಾಟಿಹೋಯಿತು. ಗುರುತಿಲ್ಲದವರು ನೋಡುತ್ತಾರೆ, ಎಂದುಕೊಂಡಳು ಟೀಚರಮ್ಮ. ನೋಡದೆ ಇರುವುದಕ್ಕೆ ಅಭ್ಯಾಸ ಬೇಕು.

ಅನುಮಾನ ತನ್ನ ಸ್ವಭಾವವಲ್ಲ ಎಂದು ಆಕೆ ಮತ್ತೆ ತನಗೆ ತಾನೇ ಹೇಳಿಕೊಂಡಳು. ಮಿಷನ್ ಶಾಲೆಯಲ್ಲಿ ಹೊಲಿಗೆ ಕಲಿಸುತ್ತಿದ್ದಷ್ಟು ಕಾಲವೂ, ಕತ್ತರಿ ಕಳೆದರೆ ಮೊದಲು ತನ್ನ ಮಡಿಲನ್ನೇ ತಡವಿ ನೋಡಿಕೊಂಡವಳು. ಮಗಳು ತೀರಿಕೊಂಡ ಮೇಲೆ ಅದು ಸಕ್ಕರೆ ಕಾಯಿಲೆಯ ಹಾಗೆ ಸದ್ದಿಲ್ಲದೆ ಬಂದು ಸೇರಿಕೊಂಡಿತ್ತು. ಡಾಕ್ಟರು ಮಾತಾಡುವಾಗ ಪೆನ್ನಿನ ಮುಚ್ಚಳ ತಿರುಗಿಸುತ್ತ ಕೂತದ್ದೇಕೆ? ನಾದಿನಿ ಅಷ್ಟು ಗಟ್ಟಿಯಾಗಿ ಅತ್ತದ್ದೇಕೆ? ಮಣ್ಣು ಮಾಡುವಾಗ ಚರ್ಚಿನ ಸಭೆಯ ಹಿರಿಯರು ಎಲ್ಲವೂ ದೇವರ ಚಿತ್ತ ಎಂದರಲ್ಲ, ಆಗ ಅವರ ಕಣ್ಣು ಕೈಗಡಿಯಾರದ ಮೇಲೆ ಇದ್ದದ್ದೇಕೆ? ಮಗಳ ಮೇಲೂ ಅನುಮಾನ. ಇದೇ ಕೋಣೆಯಲ್ಲಿ, ಇದೇ ಕಬ್ಬಿಣದ ಮಂಚದಲ್ಲಿ ಮಲಗಿ ಎದ್ದು, ಇದೇ ಮಕ್ಕಳಿಗೆ ಅಕ್ಷರ ಕಲಿಸುತ್ತ ಮಗಳು ದೇವರ ಸೇವೆ ಮಾಡಿದ್ದಳು. ಮೊದಮೊದಲು ಫೋನಿನಲ್ಲಿ ಮಕ್ಕಳ ಚೇಷ್ಟೆಗಳನ್ನು ಹೇಳಿ ಹೇಳಿ ನಗಿಸುತ್ತಿದ್ದವಳು ಬರಬರುತ್ತ ಬರೀ ಹವಾಮಾನದ ಮಾತಾಡತೊಡಗಿದಳು. ಕಾಯಿಲೆ ಹೊತ್ತು ಮನೆಗೆ ಬಂದವಳನ್ನು, "ಅಲ್ಲಿ ಮಕ್ಕಳು ಹೇಗಿದ್ದಾರೆ ಮಗಾ?" ಎಂದು ಕೇಳಿದರೆ, "ಚೆನ್ನಾಗಿದ್ದಾರಮ್ಮ" ಎಂದು ಗೋಡೆಯ ಕಡೆ ಹೊರಳುತ್ತಿದ್ದಳು. ಅಷ್ಟೇ. ಪ್ರಾರ್ಥನೆಗೆ ಮೊಣಕಾಲೂರಿದಾಗಲೂ ಟೀಚರಮ್ಮನಿಗೆ ಕಾಣುತ್ತಿದ್ದುದು ಆ ಬೆನ್ನು. ಆ ಬೆನ್ನು ಹೇಳದೆ ಉಳಿಸಿದ್ದನ್ನು ನೋಡಿಬರಲೆಂದೇ ಆಕೆ ಬಂದದ್ದು. ಜನರಿಗೆ ಮಾತ್ರ, ಮಗಳು ಅರ್ಧಕ್ಕೆ ಬಿಟ್ಟ ಸೇವೆಯನ್ನು ಮುಗಿಸುತ್ತೇನೆ ಎಂದಿದ್ದಳು. "ಮಂಡಿನೋವಿಗೆ ಚರ್ಚಿನ ಮೆಟ್ಟಿಲು ಹತ್ತೋಕಾಗಲ್ಲ, ಸಮುದ್ರ ದಾಟ್ತಾಳಂತೆ!" ಎಂದು ಅಕ್ಕ ಗೊಣಗಿದ್ದಳು. "ವಿಮಾನಕ್ಕೆ ಮೆಟ್ಟಿಲು ಅವರೇ ತಂದು ನಿಲ್ಲಿಸ್ತಾರಂತೆ ಬಿಡೇ," ಎಂದು ಇವಳು ತಮಾಷೆ ಮಾಡಿದ್ದಳು. ಅಕ್ಕ ನಗಲಿಲ್ಲ. "ಸತ್ತವಳ ದಿಂಬು ಹುಡುಕ್ಕೊಂಡು ಹೋಗ್ತಿದೀಯ ನೀನು. ದೇವರ ಹೆಸರು ಯಾಕೆ ನಡುವೆ?" ಎಂದಿದ್ದಳು. ಆ ಮಾತಿಗೆ ಸಿಟ್ಟು ಬಂದಿತ್ತು. ಇಲ್ಲಿಗೆ ಬಂದ ದಿನ ಕೋಣೆಯ ಬಾಗಿಲು ಹಾಕಿಕೊಂಡು ಮೊದಲು ಮಾಡಿದ ಕೆಲಸ ದಿಂಬನ್ನು ಮೂಸಿ ನೋಡಿದ್ದು. ಸಾಬೂನಿನ ವಾಸನೆ, ಅಷ್ಟೇ. ಯಾರೋ ಬಹಳ ಚೆನ್ನಾಗಿ ಒಗೆದಿದ್ದರು.

ಗುಂಡಿ ಎಂದು ಹೆಸರಿಟ್ಟದ್ದು ಆಕೆಯೇ. ಬಂದ ವಾರವೇ ಮಗು ಹೊಲಿಗೆ ಡಬ್ಬಿಗೆ ಕೈ ಹಾಕಿ ಅಂಗಿಯ ದೊಡ್ಡ ಗುಂಡಿಯೊಂದನ್ನು ಬಾಯಿಗೆ ಹಾಕಿಕೊಂಡಿತ್ತು. ಬೆನ್ನು ತಟ್ಟಿ, ಬಾಯೊಳಗೆ ಬೆರಳಿಟ್ಟು ತೆಗೆಯುವ ಹೊತ್ತಿಗೆ ಇಬ್ಬರಿಗೂ ಬೆವರು ಇಳಿದಿತ್ತು. ಅಂದಿನಿಂದ ಆ ಮಗು ಆಕೆಯ ಸೆರಗಿಗೆ ಅಂಟಿಕೊಂಡಿತು. ಹೊಲಿಗೆ ಯಂತ್ರದ ಪೆಡಲಿನ ಪಕ್ಕದಲ್ಲಿ ಕೂತು, ಚೂರು ಬಟ್ಟೆಗಳನ್ನು ಬಣ್ಣದ ಪ್ರಕಾರ ವಿಂಗಡಿಸುತ್ತ, ತಾನು ಕೇಳಿದ ಪ್ರತಿಯೊಂದು ಮಾತನ್ನೂ ಗಿಳಿಯಂತೆ ತಿರುಗಿ ಹೇಳುತ್ತಿತ್ತು. ಟೀಚರಮ್ಮ ಕನ್ನಡ ಕಲಿಸಿದಳು. ನೀರು, ಸೂಜಿ, ಬಾ, ಹೋಗು, ಚಳಿ, ಅಜ್ಜಿ. ಯಾಕೆ ಕಲಿಸುತ್ತಿದ್ದೇನೆ ಎಂದು ತನ್ನನ್ನು ತಾನೇ ಕೇಳಿಕೊಂಡಿರಲಿಲ್ಲ. ಕೇಳಿಕೊಂಡ ದಿನ ಉತ್ತರ ಆಗಲೇ ಸಿದ್ಧವಾಗಿತ್ತು. ಮಗುವನ್ನು ಜೊತೆಗೆ ಮನೆಗೆ ಕರೆದುಕೊಂಡು ಹೋಗಬೇಕು. ಹಾಸಿಗೆಯ ಯಾವ ಬದಿಯಲ್ಲಿ ಮಲಗಿಸುವುದು, ಶಾಲೆಗೆ ಯಾವ ಬಣ್ಣದ ಚೀಲ, ಅಕ್ಕ ಮೊದಲು ಬೈದು ಆಮೇಲೆ ಏನು ತಿನ್ನಲು ಕೊಡುತ್ತಾಳೆ, ಎಲ್ಲವೂ ತೀರ್ಮಾನವಾಗಿತ್ತು. ಇದಕ್ಕೆ ಬೇಕಾದದ್ದು ಒಂದೇ: ಮಗುವಿಗೆ ಯಾರೂ ಇರಬಾರದು. ಎಷ್ಟೋ ದಿನ ಬೆಳಗಿನ ಪ್ರಾರ್ಥನೆಯಲ್ಲಿ ಆಕೆ ಬೇಡಿದ್ದು ಅದನ್ನೇ. ಒಂದು ಮಗುವಿಗೆ ತಾಯಿ ಇಲ್ಲದಿರಲಿ ಎಂದು ಬೇಡುವ ಬಾಯಿ ಎಂಥದ್ದು ಎಂದು ಒಂದು ದಿನ ಹೊಳೆದಾಗ, ಆಮೆನ್ ಎನ್ನದೆ ಎದ್ದುಬಿಟ್ಟಿದ್ದಳು.

"ಅವಳಿಗೆ ಯಾರೂ ಇಲ್ಲ ಟೀಚರಮ್ಮ," ಎಂದಿದ್ದರು ಅಯ್ಯನವರು. ಅನಾಥಾಲಯ ನಡೆಸುವ ಪಾದ್ರಿ ಅವರು. ಗಂಡಹೆಂಡತಿ ಇಬ್ಬರೂ ಟೀಚರಮ್ಮನ ಊರ ಕಡೆಯವರೇ, ಒಂದೇ ಮಾತು, ಒಂದೇ ಸಭೆ. ಮೆಲುದನಿಯ, ಬಾಗಿಲುಗಳನ್ನು ಸದ್ದಾಗದಂತೆ ಮುಚ್ಚುವ ಮನುಷ್ಯ. "ಸಂತೆ ಬೀದಿಯಲ್ಲಿ ಸಿಕ್ಕಿದ್ದು. ಕೈಕೂಸು." ಅವರ ಹೆಂಡತಿ ಅಮ್ಮನವರು ಹಿಂದೊಮ್ಮೆ, ಮಗು ಆಸ್ಪತ್ರೆಯ ಜಗಲಿಯಲ್ಲಿ ಸಿಕ್ಕಿತು, ಆಗಲೇ ನಡೆಯುತ್ತಿತ್ತು ಎಂದಿದ್ದರು. ಟೀಚರಮ್ಮ ಎರಡನ್ನೂ ಕೇಳಿಸಿಕೊಂಡು, ಎರಡಕ್ಕೂ ತಲೆಯಾಡಿಸಿದ್ದಳು. ಇಷ್ಟು ಮಕ್ಕಳ ನಡುವೆ ಯಾರಿಗೆ ತಾನೆ ನೆನಪಿರುತ್ತದೆ, ಎಂದು ಅವರ ಪರವಾಗಿ ತಾನೇ ವಕಾಲತ್ತು ವಹಿಸಿದ್ದಳು.

ನಿನ್ನೆಯ ಕಥೆ ಬೇರೆ. ಅಮ್ಮನವರು ಪೇಟೆಗೆ ಹೋದಾಗ ಉಗ್ರಾಣದ ಬೀಗ ಮರೆತಿದ್ದರು. ಒಳಗೆ ಒಂದು ಕಬ್ಬಿಣದ ಪೆಟ್ಟಿಗೆ, ಅದರ ತುಂಬ ಮಕ್ಕಳ ಬಟ್ಟೆ. ಫ್ರಾಕುಗಳ ಭುಜ ಹರಿದಿತ್ತು, ಅಂಗಿಗಳ ತೋಳು ಕಿತ್ತಿತ್ತು. ನಾಳೆ ಸಮುದ್ರದಾಚೆಯ ಇನ್ನೊಂದು ದೇಶದ ದೊಡ್ಡ ಸಭೆಯವರು ಮಕ್ಕಳನ್ನು ನೋಡಲು ಬರುತ್ತಾರೆ, ಪಾಪ, ಇದನ್ನೆಲ್ಲ ಯಾರು ಹೊಲಿಯಬೇಕು ಎಂದುಕೊಂಡು ಪೆಟ್ಟಿಗೆಯನ್ನೇ ಎಳೆದು ತಂದಿದ್ದಳು. ಹೊಲಿಯುತ್ತ ಹೊಲಿಯುತ್ತ ಬೆರಳಿಗೆ ಏನೋ ತಿಳಿಯತೊಡಗಿತು. ಬಟ್ಟೆ ಹಳೆಯದಾಗಿ ಹರಿಯುವ ಜಾಗ ಬೇರೆ. ಮಕ್ಕಳ ಬಟ್ಟೆ ಮೊಣಕಾಲಿನಲ್ಲಿ ಸವೆಯುತ್ತದೆ, ಕುಂಡೆಯಲ್ಲಿ ತೆಳುವಾಗುತ್ತದೆ, ಕಂಕುಳಲ್ಲಿ ಬಿಡುತ್ತದೆ. ಇವುಗಳ ಮೊಣಕಾಲು ಗಟ್ಟಿಯಾಗಿಯೇ ಇತ್ತು. ಹರಿದದ್ದೆಲ್ಲ ಎದುರಿಗೆ ಕಾಣುವ ಕಡೆ, ಕತ್ತರಿಯ ಬಾಯಿ ಹೋದಷ್ಟೇ ಉದ್ದ. ತಿಳಿದರೂ ಕೈ ನಿಲ್ಲಲಿಲ್ಲ. ಸಂಜೆಗೆ ಎಲ್ಲವನ್ನೂ ಹೊಲಿದು, ಇಸ್ತ್ರಿ ಮಾಡಿ, ಮಂಚದ ಮೇಲೆ ಪೇರಿಸಿಟ್ಟಳು.

ಅಮ್ಮನವರು ಬಾಗಿಲಲ್ಲಿ ನಿಂತು ಎದೆಯ ಮೇಲೆ ಕೈ ಇಟ್ಟುಕೊಂಡರು. "ಅಯ್ಯೋ ದೇವರೇ! ಎಲ್ಲಾನೂ ಹೊಲಿದುಬಿಟ್ಟಿದೀರಲ್ರೀ!"

"ನಾಳೆ ನೆಂಟರು ಬರ್ತಾರೆ ಅಂದ್ರಲ್ಲ ಅಮ್ಮನವರೇ, ಅದಕ್ಕೇ..."

"ನಾಳೆ ಬರ್ತಾರೆ ಅಂತಾನೇ ಅವು ಹಾಗಿದ್ದದ್ದು!" ಅಮ್ಮನವರಿಗೆ ಸಿಟ್ಟಿಗಿಂತ ನಗು ಬಂದಿತ್ತು. ಮಂಚದ ಅಂಚಿನಲ್ಲಿ ಕೂತು, ಒಂದು ಫ್ರಾಕು ಎತ್ತಿ ಹೊಲಿಗೆಯನ್ನು ಬೆಳಕಿಗೆ ಹಿಡಿದು ಮೆಚ್ಚಿದರು. "ಎಂಥಾ ಕೈ ನಿಮ್ದು! ಹರಿದಿತ್ತು ಅಂತ ಆಣೆ ಇಟ್ಟರೂ ಯಾರೂ ನಂಬಲ್ಲ. ಅದೇ ಅಲ್ವಾ ತೊಂದರೆ? ಹೊಟ್ಟೆ ತುಂಬಿದ ಮಗು ಮುಂದೆ ಯಾರಾದ್ರೂ ತಟ್ಟೆ ಹಿಡೀತಾರಾ ಹೇಳಿ. ಸುಳ್ಳೇನಲ್ಲಪ್ಪ ಇದು. ಬಂದಾಗ ಹೀಗೇ ತಾನೆ ಬಂದಿದ್ವು ಇವು? ನೆನಪಿಗೆ ಅಂತ ತೋರಿಸ್ತೀವಿ, ಅಷ್ಟೇ." ಮತ್ತೆ, ಬೀಗದ ಕೈಗೊಂಚಲನ್ನು ಬೆರಳಿಗೆ ಸುತ್ತುತ್ತ, ಪಕ್ಕದ ಮನೆಯವಳನ್ನು ಒಂದು ಬಟ್ಟಲು ಸಕ್ಕರೆ ಕೇಳುವಂತೆ ಕೇಳಿದರು: "ಅಲ್ಲಲ್ಲಿ ಬಿಚ್ಚಿಬಿಡಿ ಟೀಚರಮ್ಮ. ನೀವೇ ಬಿಚ್ಚಿದ್ರೆ ನೀಟಾಗಿರುತ್ತೆ."

ಆಕೆ ಬಿಚ್ಚಿದಳು. ಆಗುವುದಿಲ್ಲ ಎಂಬ ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು. ಆದರೆ ಗುಂಡಿಯನ್ನು ಕೊಡುವ ಕೈ, ಕೊಡದಿರುವ ಕೈ, ಎರಡೂ ಇದೇ ದಂಪತಿಗಳದ್ದು. ಜೀವಮಾನವೆಲ್ಲ ಹುಡುಗಿಯರಿಗೆ ಹೊಲಿಗೆ ಕಲಿಸಿದ ಬೆರಳುಗಳು ಬ್ಲೇಡಿನ ಮೂಲೆಯಿಂದ ಒಂದೊಂದೇ ಗಂಟನ್ನು ಬಿಡಿಸಿದವು. ಕೊನೆಯದು ಗುಂಡಿಯ ನೀಲಿ ಫ್ರಾಕು. ಅದರ ಭುಜವನ್ನು ಆಕೆ ಸ್ವಲ್ಪ ಕಡಿಮೆ ಬಿಚ್ಚಿದಳು, ಚಳಿಯಾಗದಿರಲಿ ಎಂದು. ಆಮೇಲೆ ಅಮ್ಮನವರು ಏನೆಂದುಕೊಂಡಾರೋ ಎಂದು ಇನ್ನೂ ಒಂದು ಬೆರಳಷ್ಟು ಬಿಚ್ಚಿದಳು.

ಇವತ್ತು ಬೆಳಗಿನ ತಿಂಡಿಯ ಹೊತ್ತಿಗೆ ಅಯ್ಯನವರು ಪಕ್ಕದಲ್ಲೇ ಬಂದು ಕೂತಿದ್ದರು. ಪೆಟ್ಟಿಗೆಯ ವಿಷಯ ಎತ್ತಲಿಲ್ಲ. ಎತ್ತದೆ ಇದ್ದದ್ದರಿಂದಲೇ ಆಕೆಗೆ ಇನ್ನಷ್ಟು ನಾಚಿಕೆಯಾಯಿತು. "ಇವತ್ತು ಬರೋವರಲ್ಲಿ ಒಬ್ಬರು ವಕೀಲರಿದ್ದಾರೆ," ಎಂದರು. "ಪ್ರಾರ್ಥನೇಲಿ ಎದ್ದು ನೀವು ಹೇಳೋ ಸಾಕ್ಷಿ ಅವರ ಮನಸ್ಸಿಗೆ ಮುಟ್ಟಿದ್ರೆ, ಮಗು ನಿಮ್ಮ ಜೊತೆ ಬರೋದು ನೀರು ಕುಡಿದಷ್ಟು ಸುಲಭ. ಉದ್ದ ಬೇಡ. ಇವಳಿಗೆ ಯಾರೂ ಇಲ್ಲ, ನನಗೂ ಯಾರೂ ಇಲ್ಲ, ದೇವರು ನಮ್ಮಿಬ್ಬರನ್ನ ಕೂಡಿಸಿದ. ಅಷ್ಟು ಸಾಕು."

"ನನಗೆ ಅವರ ಭಾಷೆ ಕಿವಿಗೆ ಬರುತ್ತೆ ಅಯ್ಯನವರೇ, ನಾಲಿಗೆಗೆ ಬರಲ್ಲ."

"ನಮ್ಮ ಮಾತಲ್ಲೇ ಹೇಳಿ. ಹೇಳೋದು ನಿಮ್ಮ ಕೆಲಸ, ಮುಟ್ಟಿಸೋದು ನಂದು." ಅವರು ಲೋಟ ಕೆಳಗಿಟ್ಟು, ಸ್ವಲ್ಪ ತಡೆದು, "ನಿಮ್ಮ ಮಗಳು ಕೊನೆಕೊನೆಗೆ ಸಾಕ್ಷಿ ಹೇಳೋದೇ ಬಿಟ್ಟಿದ್ದಳು. ಎದ್ದು ನಿಲ್ಲೋಳು, ಬಾಯಿ ತೆಗೀತಿರಲಿಲ್ಲ. ಆರೋಗ್ಯ ಸರಿ ಇರಲಿಲ್ಲ, ಪಾಪ," ಎಂದರು. ಪಾಪ ಎಂಬ ಮಾತು ಎಷ್ಟು ಮೃದುವಾಗಿತ್ತೆಂದರೆ, ಟೀಚರಮ್ಮ ಅದನ್ನು ಬೆರಳಿನಿಂದ ಮುಟ್ಟಿ ನೋಡುವಂತೆ ಬಹಳ ಹೊತ್ತು ಮನಸ್ಸಿನಲ್ಲಿ ತಿರುಗಿಸುತ್ತ ಕೂತಳು. ಆರೋಗ್ಯ ಸರಿ ಇಲ್ಲದವಳು ಎದ್ದಾದರೂ ಯಾಕೆ ನಿಲ್ಲುತ್ತಿದ್ದಳು?

ಕೆಳಗೆ ಅಡಿಗೆಯವಳು ಪಾತ್ರೆ ಹೊತ್ತು ಒಳಗೆ ಹೋದಳು. ಟೀಚರಮ್ಮ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು ಮೆಟ್ಟಿಲಿಳಿದಳು. ಏನು ಮಾಡಲು ಹೊರಟಿದ್ದೇನೆ ಎಂದು ಮಂಡಿಗಳಿಗೆ ಗೊತ್ತಿತ್ತು, ತಲೆಗೆ ಗೊತ್ತಿರಲಿಲ್ಲ. ಅಂಗಳಕ್ಕೆ ಬಂದು, ಗೀಚುತ್ತಿದ್ದ ಗುಂಡಿಯನ್ನು ಎತ್ತಿ ಸೊಂಟಕ್ಕೆ ಕೂರಿಸಿಕೊಂಡು, ಮೊಟ್ಟೆಯವಳ ಎದುರಿಗೆ ಹೋಗಿ ನಿಂತಳು. ಆ ಊರಿನ ಮಾತು ಆಕೆಗೆ ತುಂಡುತುಂಡಾಗಿ ಬರುತ್ತಿತ್ತು, ಚೂರುಬಟ್ಟೆಯ ಹಾಗೆ. ಆ ಚೂರುಗಳನ್ನೇ ಜೋಡಿಸಿದಳು. "ಇವಳು. ನನ್ನ ಜೊತೆ. ದೂರ. ಸಮುದ್ರದ ಆ ಕಡೆ."

ಮೊಟ್ಟೆಯವಳು ಬುಟ್ಟಿಯೊಳಗಿನ ಹುಲ್ಲನ್ನು ಸಮ ಮಾಡುತ್ತಿದ್ದಳು. ಕೈ ನಿಲ್ಲಲಿಲ್ಲ. "ಯಾವಾಗ?"

"ಬೇಗ."

"ಅಲ್ಲಿ ಚಳಿ ಇದೆಯಾ?"

"ಇಲ್ಲ."

"ಶಾಲೆ?"

"ಇದೆ. ನಾನೇ ಟೀಚರು."

"ಟೀಚರು ಹೊಡೀತೀರಾ?"

"ಇಲ್ಲ, ಇಲ್ಲ."

"ಒಳ್ಳೇದು," ಎಂದಳು ಮೊಟ್ಟೆಯವಳು, ಸಂತೆಯಲ್ಲಿ ವ್ಯಾಪಾರ ಮುಗಿಸಿದವಳ ಹಾಗೆ. ಬುಟ್ಟಿಯನ್ನು ತಲೆಗೇರಿಸಿ ಗೇಟಿನ ಕಡೆ ನಡೆದಳು. ಟೀಚರಮ್ಮನಿಗೆ ತಡೆಯಲಾರದಷ್ಟು ಹಗುರವಾಯಿತು. ನೋಡು, ಯಾರೂ ಅಲ್ಲ ಇವಳು. ತಾಯಿ ಆಗಿದ್ದರೆ ಕೂಗುತ್ತಿರಲಿಲ್ಲವೇ, ಎದೆ ಬಡಿದುಕೊಳ್ಳುತ್ತಿರಲಿಲ್ಲವೇ? ದೇವರೇ, ನಿನಗೆ ಸ್ತೋತ್ರ. ಅಷ್ಟರಲ್ಲಿ ಮೊಟ್ಟೆಯವಳು ತಿರುಗಿ ಬಂದಳು. ಮಗುವಿನ ಮುಖ ನೋಡಲಿಲ್ಲ. ಫ್ರಾಕಿನ ಹರಿದ ಭುಜವನ್ನು ನೋಡಿದಳು, ಅದರೊಳಗಿಂದ ಕಾಣುವ ಚರ್ಮವನ್ನು ನೋಡಿದಳು. "ಬಲಗಿವಿ ಸೋರುತ್ತೆ," ಎಂದಳು, ಎಲ್ಲೋ ಗೋಡೆಗೆ ಹೇಳುವಂತೆ. "ಸ್ನಾನ ಮಾಡಿಸುವಾಗ ಹತ್ತಿ ಇಡಬೇಕು. ಆ ಕಡೆ ಮಗ್ಗುಲಾಗಿ ಮಲಗಿದರೆ ರಾತ್ರಿಯೆಲ್ಲ ಅಳುತ್ತೆ." ಹೇಳಿ, ಗೇಟು ದಾಟಿ, ಕೊಂಡಿಯನ್ನು ಹೊರಗಿನಿಂದ ಕೈ ಹಾಕಿ ಮೆತ್ತಗೆ ಸಿಕ್ಕಿಸಿ ಹೋದಳು.

ಸೊಂಟದ ಮೇಲಿದ್ದ ಮಗು ಮರದ ಕೊರಡಿನಂತಾಗಿತ್ತು. ಮುಖವನ್ನು ಟೀಚರಮ್ಮನ ಕುತ್ತಿಗೆಯಲ್ಲಿ ಒತ್ತಿಕೊಂಡಿತ್ತು, ಉಸಿರೂ ಬಿಡುತ್ತಿಲ್ಲವೇನೋ ಎನಿಸುವಂತೆ. ಬಹಳ ಹೊತ್ತಿನ ಮೇಲೆ ಕಿವಿಯ ಹತ್ತಿರ ಪಿಸುಗುಟ್ಟಿತು, ಆಕೆಯೇ ಕಲಿಸಿದ ಕನ್ನಡದಲ್ಲಿ: "ಹೋದಳಾ?"

ಕೋಣೆಗೆ ಮರಳಿ ಮಗುವಿನ ತಲೆ ಬಾಚುತ್ತ ಟೀಚರಮ್ಮ ಬಲಗಿವಿಯನ್ನು ಬೆಳಕಿಗೆ ತಿರುಗಿಸಿ ನೋಡಿದಳು. ಅಂಚಿನಲ್ಲಿ ಒಣಗಿದ ಹಳದಿ ಹಕ್ಕಳೆ. ಎಷ್ಟು ಸಲ ಈ ತಲೆಗೆ ತಾನೇ ನೀರು ಹುಯ್ದಿದ್ದಳು! ಅಡಿಗೆಯವಳು ಹೇಳಿರಬಹುದು, ಎಂದಿತು ಮನಸ್ಸು. ಅಡಿಗೆಯವಳಿಗೂ ಇವಳಿಗೂ ಮಾತುಕತೆ ಇದೆ. ಊರಿನ ಹೆಂಗಸರಿಗೆ ಇಂಥದ್ದೆಲ್ಲ ಗೊತ್ತಿರುತ್ತದೆ. ಹೋಗಲಿ, ತಾಯಿಯೇ ಆಗಿದ್ದರೂ ಏನೀಗ, ಒಳ್ಳೇದು ಎಂದು ಅವಳೇ ಹೇಳಲಿಲ್ಲವೇ? ಅವಳ ಬಾಯಿಂದಲೇ ಬರಲಿಲ್ಲವೇ? ಆಗ ಟೀಚರಮ್ಮ ಬಾಚಣಿಗೆ ನಿಲ್ಲಿಸಿದಳು. ಲೋಕದ ಮೇಲೆಲ್ಲ ಬೊಗಳುತ್ತಿದ್ದ ತನ್ನ ಅನುಮಾನ, ತನ್ನ ಆಸೆಯ ಮುಂದೆ ಬಂದಾಗ ಮಾತ್ರ ಬಾಲ ಅಲ್ಲಾಡಿಸಿ ಮಲಗಿಬಿಡುತ್ತದೆ ಎಂಬುದು ಆಕೆಗೆ ಕಂಡಿತು. ಡಾಕ್ಟರ ಪೆನ್ನನ್ನು ಶಂಕಿಸಿದವಳು, ಸತ್ತ ಮಗಳ ಬೆನ್ನನ್ನು ಶಂಕಿಸಿದವಳು, ಇದೊಂದನ್ನು ಮಾತ್ರ ನಂಬಲು ಸಿದ್ಧಳಾಗಿದ್ದಳು.

ಪ್ರಾರ್ಥನಾ ಮಂದಿರದಲ್ಲಿ ಬಂದವರನ್ನು ಮುಂದಿನ ಬೆಂಚುಗಳಲ್ಲಿ ಕೂರಿಸಿದ್ದರು. ಟೈ ಕಟ್ಟಿದ ವಕೀಲರು, ಕ್ಯಾಮೆರಾ ಹಿಡಿದ ಇಬ್ಬರು, ಕರವಸ್ತ್ರವನ್ನು ಮೊದಲೇ ಕೈಯಲ್ಲಿ ಹಿಡಿದು ಕೂತ ಒಬ್ಬ ಎತ್ತರದ ಹೆಂಗಸು. ಒಳ್ಳೆಯ ಮುಖಗಳು, ಅವರ ಮೇಲೆ ಅನುಮಾನ ಪಡಲು ಟೀಚರಮ್ಮನಿಗೆ ಏನೂ ಸಿಗಲಿಲ್ಲ. ಹರಿದ ಬಟ್ಟೆಯ ಮಕ್ಕಳು ಎತ್ತರದ ಪ್ರಕಾರ ಸಾಲಾಗಿ ನಿಂತು ಎರಡು ಹಾಡು ಹೇಳಿದರು. ಅಡಿಗೆಯವಳು ಬಾಗಿಲಿಗೆ ಒರಗಿದ್ದಳು. ಅಮ್ಮನವರು ಕಣ್ಸನ್ನೆ ಮಾಡಿದರು. ಟೀಚರಮ್ಮ ಗುಂಡಿಯ ಕೈ ಹಿಡಿದು ಮುಂದೆ ಬಂದಳು. ಅಯ್ಯನವರು ಪಕ್ಕದಲ್ಲಿ ನಿಂತರು, ಮುಟ್ಟಿಸಲು.

ಇದೇ ಜಾಗದಲ್ಲಿ ಮಗಳು ನಿಂತಿದ್ದಳು. ಎದ್ದು ನಿಂತಳು, ಬಾಯಿ ತೆಗೆಯಲಿಲ್ಲ. ಅವಳಿಗೆ ಗೊತ್ತಿತ್ತು. ಮೋಸ ಹೋಗಿರಲಿಲ್ಲ ತನ್ನ ಮಗಳು. ತಿಳಿದು ಸುಮ್ಮನಿದ್ದಳು, ಆ ಸುಮ್ಮನಿರುವಿಕೆಯನ್ನು ಹೊತ್ತು ಮನೆಗೆ ಬಂದು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ನಾನು ಇನ್ನೊಮ್ಮೆ ಕೇಳಬಾರದಾಗಿತ್ತೇ? ಮಗಾ, ಈ ಕಡೆ ತಿರುಗು ಎನ್ನಬಾರದಾಗಿತ್ತೇ? "ಈ ಮಗುವಿಗೆ ತಾಯಿ ಇದ್ದಾಳೆ," ಎಂದಳು ಕನ್ನಡದಲ್ಲಿ. "ಹಿಂದಿನ ಗೇಟಿಗೆ ಮೊಟ್ಟೆ ತರ್ತಾಳೆ. ಇವಳನ್ನ ನಾನು ಕರ್ಕೊಂಡು ಹೋಗಬಾರದು. ಬಟ್ಟೆ ಹರಿದಿರಲಿಲ್ಲ. ನಾನೇ ಬಿಚ್ಚಿದ್ದು."

ಅಯ್ಯನವರ ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ. ತಲೆ ತಗ್ಗಿಸಿ ಕೇಳಿಸಿಕೊಂಡರು, ಭಾವುಕರಾದವರಂತೆ ಒಂದು ಕ್ಷಣ ಕಣ್ಣು ಮುಚ್ಚಿದರು, ನಂತರ ಬಂದವರ ಭಾಷೆಯಲ್ಲಿ ಮೆಲ್ಲಗೆ ಹೇಳಿದರು. ಆಕೆಯ ಕಿವಿಗೆ ಅದು ಪೂರ್ತಿ ಬಂತು: ಈ ಮಗುವಿಗೆ ಯಾರೂ ಇಲ್ಲ ಅನ್ನುತ್ತಿದ್ದಾರೆ. ತನ್ನ ಮಗಳನ್ನು ಕಳೆದುಕೊಂಡ ಈ ತಾಯಿಗೆ ದೇವರು ಇನ್ನೊಬ್ಬ ಮಗಳನ್ನು ಕೊಟ್ಟಿದ್ದಾನೆ ಅನ್ನುತ್ತಿದ್ದಾರೆ. ಈ ಹರಿದ ಬಟ್ಟೆಗಳನ್ನು ಹೊಲಿಯಲು ತನ್ನ ಒಂದು ಜೋಡಿ ಕೈ ಸಾಲದು ಅನ್ನುತ್ತಿದ್ದಾರೆ. ಎತ್ತರದ ಹೆಂಗಸು ಕರವಸ್ತ್ರವನ್ನು ಕಣ್ಣಿಗೊತ್ತಿಕೊಂಡಳು. ವಕೀಲರು ಕನ್ನಡಕ ತೆಗೆದು ಒರೆಸಿದರು. ಯಾರೋ ಚಪ್ಪಾಳೆ ಶುರುಮಾಡಿದರು. ಮೂಲೆಯಲ್ಲಿದ್ದ ಅಮ್ಮನವರು ಮಾತ್ರ ನೆಲ ನೋಡುತ್ತ ನಿಂತುಬಿಟ್ಟಿದ್ದರು.

ಸುಮ್ಮನಿದ್ದರೂ ಇದೇ ಚಪ್ಪಾಳೆ, ಹೇಳಿದರೂ ಇದೇ ಚಪ್ಪಾಳೆ. ಟೀಚರಮ್ಮ ಚಪ್ಪಾಳೆ ನಿಲ್ಲುವವರೆಗೆ ಕಾದಳು. ಆಮೇಲೆ ಮಕ್ಕಳ ಕಡೆ ತಿರುಗಿ, ಆ ಊರಿನ ಮಾತಿನಲ್ಲಿ, ಒಡೆದ ಉಚ್ಚಾರದಲ್ಲಿ, ತರಗತಿಯಲ್ಲಿ ಹೇಳಿಕೊಡುವಂತೆ ಒಂದೊಂದೇ ಪದ ಬಿಡಿಸಿ ಹೇಳಿದಳು: "ಇವಳಿಗೆ. ಅಮ್ಮ. ಇದ್ದಾಳೆ."

ಬಾಗಿಲಲ್ಲಿದ್ದ ಅಡಿಗೆಯವಳು ನೆಟ್ಟಗಾದಳು. ಅಯ್ಯನವರು, "ಟೀಚರಮ್ಮ, ಸಾಕು, ಕೂತ್ಕೊಳ್ಳಿ," ಎಂದರು ಕನ್ನಡದಲ್ಲಿ, ಮುಗುಳ್ನಗೆ ಬಿಡದೆ. ಕೆಳಗಿನಿಂದ ಯಾರೋ ಸೆರಗು ಜಗ್ಗಿದರು. ಆಕೆ ಬಗ್ಗಿದಳು. ಗುಂಡಿ ತುದಿಗಾಲಿನಲ್ಲಿ ನಿಂತು ತನ್ನ ಪುಟ್ಟ ಅಂಗೈಯನ್ನು ಆಕೆಯ ಬಾಯಿಯ ಮೇಲೆ ಒತ್ತಿ ಹಿಡಿದಳು. ಅಂಗೈ ತಣ್ಣಗಿತ್ತು. ಮಗುವಿನ ಕಣ್ಣಿನಲ್ಲಿದ್ದ ಭಯ ಆಕೆ ಎಂದೂ ಕಾಣದ ಭಯ. ಹೇಳಿಕೊಟ್ಟ ಪಾಠ ತಪ್ಪಿದ್ದು ತಾನಲ್ಲ, ಈ ಅಜ್ಜಿ; ಏಟು ಬೀಳುವುದು ಮಾತ್ರ ತನಗೋ, ಗೇಟಿಗೆ ಬರುವವಳಿಗೋ ಎಂಬಂಥದ್ದು. ಕ್ಯಾಮೆರಾದವರಿಬ್ಬರೂ ಮುಂದೆ ಬಂದು ಆ ದೃಶ್ಯವನ್ನು ಹಿಡಿದುಕೊಂಡರು.

ಆಗ ಸಾಲಿನಿಂದ, ಮುಂದಿನ ಹಲ್ಲು ಬಿದ್ದ ಹುಡುಗನೊಬ್ಬ, ಹಾಜರಿ ಕೂಗಿದಾಗ ಓಗೊಡುವವನ ಹಾಗೆ ಕೈ ಎತ್ತಿ, "ನನಗೂ," ಎಂದ.

ಟೀಚರಮ್ಮ ಬಾಯ ಮೇಲಿನ ಅಂಗೈಯನ್ನು ಸರಿಸಲಿಲ್ಲ. ಬಗ್ಗಿದಂತೆಯೇ ಒಂದು ಮಂಡಿಯೂರಿ, ನೋವನ್ನು ನುಂಗಿಕೊಂಡು, ಮಗುವನ್ನು ಎರಡೂ ತೋಳುಗಳಿಂದ ಸುತ್ತಿಕೊಂಡಳು. ಅಯ್ಯನವರ ತುಟಿ ತೆರೆದಿತ್ತು, ಆದರೆ ಯಾವ ಭಾಷೆಯೂ ಬರುತ್ತಿರಲಿಲ್ಲ. ಎತ್ತರದ ಹೆಂಗಸು ಒದ್ದೆ ಕಣ್ಣಿನಲ್ಲೇ ನಗುತ್ತ, ಹುಡುಗನನ್ನು ತೋರಿಸಿ ಅವರನ್ನು ಕೇಳಿದಳು:

"ಎಷ್ಟು ಮುದ್ದಾಗಿದ್ದಾನೆ! ಏನಂದ ಅವನು?"